ನಾನು ಕಲಿಸಿದ ಹೂಗಂಟು

ನೀರು ಕಂಡರೆ ಸಾಕು, ನನ್ನ ಬಲಗೈ ತಾನಾಗಿ ಎದೆಯ ಮೇಲೆ ಹೋಗಿ ಕೂರುತ್ತದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿ ಹಳ್ಳದ ಸೇತುವೆ ಹತ್ತಿದಾಗಲಂತೂ ಇದು ತಪ್ಪುವುದೇ ಇಲ್ಲ. ಹಳ್ಳದಲ್ಲಿ ನೀರಿರಬೇಕೆಂದೂ ಇಲ್ಲ. ಬೇಸಿಗೆಯಲ್ಲಿ ಅಲ್ಲಿರುವುದು ಬರೀ ಉಸುಕು, ಜಾಲಿಗಿಡ, ನೆರಳಿಗೆ ನಿಂತ ನಾಲ್ಕು ಕತ್ತೆ. ಆದರೂ ಕೈ ಹೋಗುತ್ತದೆ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು ನನಗೆ ಎದೆನೋವು ಬಂತೆಂದು ಗಾಬರಿಯಾಗಿ ಕಂಡಕ್ಟರನನ್ನು ಕೂಗಿದಳು. ಬಸ್ಸು ಸೇತುವೆಯ ನಡುವೆಯೇ ನಿಂತಿತು. ಅರ್ಧ ಬಸ್ಸು ನನ್ನ ಬಾಯಿಗೆ ನೀರು ಬಿಡಲು ಎದ್ದು ನಿಂತಿತು. ಇದು ಹಳೆಯ ಚಾಳಿ, ನನಗೇನೂ ಆಗಿಲ್ಲ ಎಂದರೆ ಯಾರೂ ನಂಬಲಿಲ್ಲ. ಒಬ್ಬರು ಗುಳಿಗೆಯನ್ನೇ ಕೊಟ್ಟುಬಿಟ್ಟರು. ಬೇಡವೆನ್ನಲು ನಾಚಿಕೆಯಾಗಿ ಅದನ್ನು ಸೆರಗಿಗೆ ಕಟ್ಟಿಕೊಂಡು ಸಿಂಧನೂರಿನಲ್ಲಿ ಇಳಿದೆ.

ಈ ಚಾಳಿ ಎಲ್ಲಿಂದ ಬಂತೆಂದು ಮೊಮ್ಮಕ್ಕಳಿಗೆ ಹೇಳಿಲ್ಲ. ಅವರ ಮುಂದೆ ನಾನು ಎಲ್ಲ ಬಲ್ಲವಳು. ಹೇಳಿದರೆ ಇರುವ ಮಾನವೂ ಹೋದೀತು. ನಿಮ್ಮ ಮುಂದೆ ಹೇಳಬಹುದು. ನೀವು ನನ್ನ ಮನೆಗೆ ಊಟಕ್ಕೆ ಬರುವವರಲ್ಲ, ಊಟದ ಹೊತ್ತಿನಲ್ಲಿ ನೆನೆಸಿ ನಗುವವರೂ ಅಲ್ಲ.

ಆಗ ನಿಜಾಮರ ರಾಜ್ಯ. ಮಸ್ಕಿ ಸಣ್ಣ ಊರು. ನಮ್ಮದು ಎಣ್ಣೆ ಗಾಣದ ಮನೆ. ಹಗಲೆಲ್ಲ ಎತ್ತು ಸುತ್ತುತ್ತಿತ್ತು, ಗಾಣ ಕಿರುಗುಟ್ಟುತ್ತಿತ್ತು, ಮನೆಯ ಗೋಡೆ, ಹೊಸ್ತಿಲು, ನಮ್ಮ ತಲೆಗೂದಲು ಎಲ್ಲಕ್ಕೂ ಕುಸುಬೆ ಎಣ್ಣೆಯ ವಾಸನೆ. ಹಡೆದವಳನ್ನು ಅವ್ವ ಎಂದೂ ಅಜ್ಜಿಯನ್ನು ಅಮ್ಮ ಎಂದೂ ಕರೆಯುವುದು ನಮ್ಮ ಕಡೆಯ ರೂಢಿ. ಮನೆಯಲ್ಲಿ ನಡೆಯುತ್ತಿದ್ದದ್ದು ಅಮ್ಮನ ಮಾತು. ಲಿಂಗಸುಗೂರಿನ ಕಚೇರಿಯಿಂದ ಉರ್ದು ಕಾಗದ ಬಂದರೆ ಅಪ್ಪ ಅದನ್ನು ಹಳ್ಳದ ದಂಡೆಯ ಸುಂಕದ ನಾಕಾಕ್ಕೆ ಒಯ್ಯುತ್ತಿದ್ದ. ಅಲ್ಲಿಯ ಮುದಿ ಜವಾನನನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಚಾಚಾ ಕನ್ನಡಕವಿಲ್ಲದೆ ಕಾಗದವನ್ನು ಮೊಳದ್ದೂರ ಹಿಡಿದು, ಓದುವ ಮೊದಲೇ ‘ಏನೂ ಫಿಕರ್ ಇಲ್ಲ’ ಎಂದು ಹೇಳಿಬಿಡುತ್ತಿದ್ದ.

ನಾಕಾ ದಾಟಿ ನಾಲ್ಕು ಹೆಜ್ಜೆ ಹೋದರೆ ಮಠ. ಮಠವೆಂದರೆ ದೊಡ್ಡದೇನಲ್ಲ; ಎರಡು ಅಂಕಣದ ಕಲ್ಲಿನ ಕಟ್ಟೋಣ, ಮುಂದೆ ಒಂದು ಬಿಲ್ವಪತ್ರೆ ಗಿಡ. ಅಲ್ಲಿಯ ಸ್ವಾಮಿಗಳನ್ನು ನಾವು ತಾತ ಎನ್ನುತ್ತಿದ್ದೆವು. ರಾಯಚೂರು ಸೀಮೆಯಲ್ಲಿ ಅಜ್ಜನೂ ತಾತ, ಗುರುವೂ ತಾತ. ಚಿಕ್ಕವಳಿದ್ದಾಗ ನನಗೆ ಇದರಿಂದ ಬಹಳ ತೊಡಕಾಗಿತ್ತು. ಮಠದ ತಾತ ನಮ್ಮ ಅಮ್ಮನ ಗಂಡನಿರಬೇಕೆಂದು ತಿಳಿದು, ಒಂದು ದಿನ ಎಲ್ಲರೆದುರು ಅವರನ್ನು ಮನೆಗೆ ಯಾಕೆ ಮಲಗಲು ಬರುವುದಿಲ್ಲ ಎಂದು ಕೇಳಿಬಿಟ್ಟಿದ್ದೆ. ಅಮ್ಮ ನನ್ನನ್ನು ಹೊಡೆಯಲು ಎದ್ದಳು. ತಾತ ನಕ್ಕ ನಗುವಿಗೆ ಅವರ ಹೆಗಲ ಮೇಲಿನ ಕಾವಿ ಜಾರಿ ಬಿತ್ತು.

ತಾತ ಮುಕ್ಕುಂದದ ಕಡೆಯವರು. ಹೊಳೆಯ ದಂಡೆಯ ಭತ್ತದ ಗದ್ದೆಗಳಲ್ಲಿ ಬೆಳೆದವರು. ಅವರಿಗೆ ಓದು ಬಹಳವಿತ್ತೆಂದು ಜನ ಹೇಳುತ್ತಿದ್ದರು, ಆದರೆ ಮಾತಿನಲ್ಲಿ ಅದು ಕಾಣುತ್ತಿರಲಿಲ್ಲ. ಊರ ಹೊರಗಿನ ಗುಡ್ಡದಲ್ಲಿ ಬರೆದ ಬಂಡೆಯೊಂದಿತ್ತು. ಟೊಪ್ಪಿಗೆಯವರು ದೂರದಿಂದ ಬಂದು, ಅಂಗಾತ ಮಲಗಿ, ಅದರ ಅಕ್ಷರಗಳನ್ನು ನೋಡಿಕೊಂಡು ಹೋಗುತ್ತಿದ್ದರು. ಅದರಲ್ಲಿ ಏನು ಬರೆದಿದೆಯೆಂದು ನಾವು ತಾತನನ್ನು ಕೇಳಿದಾಗ, ತಮಗೆ ಆ ಲಿಪಿ ಬಾರದೆಂದು ಹೇಳಿ, ಏನೋ ಒಳ್ಳೆಯದನ್ನೇ ಬರೆದಿರಬೇಕು, ಇಲ್ಲದಿದ್ದರೆ ಕಲ್ಲು ಇಷ್ಟು ಕಾಲ ಹೊತ್ತುಕೊಂಡಿರುತ್ತಿರಲಿಲ್ಲ ಎಂದಿದ್ದರು. ನನಗೆ ಆ ಗುಡ್ಡದ ನೆನಪು ಬಂದರೆ ಮಾತು ಎತ್ತೆತ್ತಲೋ ಹೋಗುತ್ತದೆ. ಈಗ ನರಸಮ್ಮನ ವಿಷಯಕ್ಕೆ ಬರುತ್ತೇನೆ.

ನರಸಮ್ಮ ಹಟ್ಟಿಯಿಂದ ಬಂದವಳು. ಹುಟ್ಟಿದ್ದು ತೆಲುಗು ಸೀಮೆಯಲ್ಲಿ. ಗಂಡನ ಜತೆ ಹಟ್ಟಿಯ ಚಿನ್ನದ ಗಣಿಗೆ ದುಡಿಯಲು ಬಂದು, ಅಲ್ಲಿ ನೆಲದ ಮೇಲಿನ ಕೆಲಸದಲ್ಲಿದ್ದಳು. ಕಲ್ಲು ತುಂಬಿದ ಬುಟ್ಟಿಗಳಿಗೆ ಹಗ್ಗ ಬಿಗಿಯುವುದು ಅವಳ ಪಾಲಿಗೆ ಬಂದ ಕೆಲಸ. ಗಂಡ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ತಲೆಯ ಮೇಲೆ ಒಂದು ಗಂಟು ಹೊತ್ತು ಊರಿಗೆ ಹೊರಟವಳು ದಾರಿಯಲ್ಲಿ ದಣಿದು ನಮ್ಮ ಮಠದ ಕಟ್ಟೆಯ ಮೇಲೆ ಕೂತಳು. ಸಂಜೆ ತಾತ ಅಲ್ಲಿ ಕೂತು ಶರಣರ ಮಾತುಗಳನ್ನು ಹೇಳುತ್ತಿದ್ದರು. ಅರ್ಧ ತಿಳಿಯಿತೋ ಕಾಲು ತಿಳಿಯಿತೋ, ಮರುದಿನವೂ ಅವಳು ಅಲ್ಲೇ ಇದ್ದಳು. ಮುಂದೆ ಹೋಗಲೇ ಇಲ್ಲ. ನಮ್ಮ ಗಾಣದಲ್ಲಿ ಕುಸುಬೆ ಹಸನು ಮಾಡುವ ಕೆಲಸಕ್ಕೆ ನಿಂತಳು. ಆರು ತಿಂಗಳು ಕಳೆದ ಮೇಲೆ ತನಗೂ ಲಿಂಗ ಕಟ್ಟಿರೆಂದು ತಾತನನ್ನು ಕೇಳಿದಳು.

ಊರಲ್ಲಿ ಗುಸುಗುಸು ಎದ್ದಿತು. ಅವಳ ಕುಲ ಯಾವುದೋ, ಏನು ಉಂಡವಳೋ ಎಂದರು. ಅಮ್ಮನೂ ಅಂದಳು. ತಾತ ಯಾರಿಗೂ ಎದುರಾಡಲಿಲ್ಲ. ಒಳ್ಳೆಯ ದಿನ ನೋಡಿ ಅವಳಿಗೆ ದೀಕ್ಷೆ ಕೊಟ್ಟರು. ಇಷ್ಟಲಿಂಗವನ್ನು ಅವಳ ಎಡ ಅಂಗೈಯಲ್ಲಿ ಇಟ್ಟಾಗ ನಾನು ಹತ್ತಿರದಲ್ಲೇ ನಿಂತಿದ್ದೆ. ಹಗ್ಗ ಎಳೆದು ಕಾಯಿಗಟ್ಟಿದ ಅಂಗೈ ಅದು. ಹಕ್ಕಿಮರಿಯನ್ನು ಹಿಡಿದವರ ಹಾಗೆ ಅವಳು ಬೆರಳುಗಳನ್ನು ಮಡಿಚಲೂ ಹೆದರಿ, ಬಿಚ್ಚಲೂ ಹೆದರಿ ಕೂತಿದ್ದಳು.

ಆ ಮೇಲೆ ತಾತ ಅವಳನ್ನು ನೋಡಿಕೊಂಡ ರೀತಿ ಇದೆಯಲ್ಲ, ಅದನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಂಕ್ತಿಯಲ್ಲಿ ಅವಳನ್ನು ತಮ್ಮ ಕಣ್ಣಿಗೆ ಬೀಳುವಲ್ಲಿ ಕೂರಿಸುತ್ತಿದ್ದರು. ಪೂಜೆ ತಪ್ಪಿತೇ, ಮಂತ್ರ ಮರೆಯಿತೇ ಎಂದು ಒಮ್ಮೆಯೂ ಕೇಳಲಿಲ್ಲ. ಹಿರಿಯರೊಬ್ಬರು ಅವಳ ತಪ್ಪು ಎತ್ತಿ ಆಡಿದಾಗ, ಭತ್ತದ ಸಸಿ ಕಿತ್ತು ಹಚ್ಚಿದ ಮೇಲೆ ಮೂರು ದಿನ ಬಾಡುತ್ತದೆ, ಆ ಮೂರು ದಿನ ಯಾರೂ ಗದ್ದೆಗೆ ಇಳಿದು ಅದನ್ನು ಅಲುಗಿಸಬಾರದು ಎಂದು ತಮ್ಮ ಊರಿನ ಬೇಸಾಯದ ಮಾತನ್ನಷ್ಟೇ ಹೇಳಿದರು. ನನಗೆ ಆಗ ಅದು ಭತ್ತದ ಮಾತೆಂದೇ ತೋರಿತು.

ಅವಳಿಗೆ ದಿನದ ಪೂಜೆ ಕಲಿಸುವವರು ಬೇಕಿತ್ತು. ಅಮ್ಮನಷ್ಟು ನೇಮದವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ತಾತ ಅಮ್ಮನನ್ನು ಕೇಳಲಿಲ್ಲ. ನನ್ನನ್ನು ಕರೆದರು. ನನಗೆ ಆಗ ಹತ್ತೋ ಹನ್ನೊಂದೋ.

“ನಿನಗ ದೀಕ್ಷಾ ಆಗಿ ಎಷ್ಟು ದಿನ ಆತವ್ವ?” ಎಂದರು.

“ಒಂದು ವರ್ಷ ಆತ್ರಿ.”

“ಹಂಗಾರ ನೀನ ಕಲಸು. ನಾವು ಹೆಂಗ ಕಲತಿವಿ ಅನ್ನೂದು ನಮಗ ಮರತು ಹೋಗ್ಯಾದ. ಎಲ್ಲಿ ಕಷ್ಟ ಆಕತಿ ಅನ್ನೂದು ನಿನಗ ಇನ್ನಾ ನೆನಪೈತಿ.”

ನಾನು ಅಂದಿನಿಂದ ನೆಲದ ಮೇಲೆ ನಡೆಯುವುದನ್ನು ಬಿಟ್ಟೆ ಎನ್ನಬೇಕು. ಗಂಡುಹುಡುಗರು ಶಾಲೆಗೆ ಹೋಗಿ ಅಲಿಫ್ ಬೇ ಎಂದು ಕೂಗಿ ಬರುತ್ತಿದ್ದರು. ಹೆಣ್ಣಾದ ನನಗೆ ಶಾಲೆ ಇರಲಿಲ್ಲ. ಈಗ ನಾನೇ ಒಂದು ಶಾಲೆಯಾದೆ. ನಲವತ್ತು ದಾಟಿದ ಒಬ್ಬ ವಿದ್ಯಾರ್ಥಿನಿ. ಜಳಕ ಮಾಡಿ ಬಂದಳೋ ಇಲ್ಲವೋ ಎಂದು ಕೂದಲು ಮುಟ್ಟಿ ನೋಡುತ್ತಿದ್ದೆ. ವಿಭೂತಿ ಸೊಟ್ಟಗಾದರೆ ಒರೆಸಿ ಮತ್ತೆ ಹಚ್ಚಿಸುತ್ತಿದ್ದೆ. ಶಾಲೆಯ ಮಾಸ್ತರರ ಕೈಯಲ್ಲಿ ಕಂಡಿದ್ದರಿಂದ ಒಂದು ತೊಗರಿಕಟ್ಟಿಗೆಯನ್ನೂ ಹಿಡಿದುಕೊಂಡಿದ್ದೆ. ಹೊಡೆಯಲಿಲ್ಲ, ನೆಲಕ್ಕೆ ಬಡಿಯುತ್ತಿದ್ದೆ. ನರಸಮ್ಮ ಒಮ್ಮೆಯೂ ಬೇಸರಪಡಲಿಲ್ಲ. ನನ್ನನ್ನು ತನ್ನ ತೆಲುಗಿನಲ್ಲಿ ಚಿನ್ನಮ್ಮಾ, ಅಂದರೆ ಪುಟ್ಟ ತಾಯಿ, ಎಂದು ಕರೆಯುತ್ತ, ಹೇಳಿದ್ದನ್ನು ತುಟಿಯಲ್ಲೇ ಇನ್ನೊಮ್ಮೆ ಹೇಳಿಕೊಂಡು, ಹೇಳಿದ ಹಾಗೆಯೇ ಮಾಡುತ್ತಿದ್ದಳು.

ಎಲ್ಲ ಕಲಿಸಿದ ಮೇಲೆ ಕೊನೆಗೆ ಬಂದದ್ದು ಗಂಟು. ಉಳ್ಳವರ ಲಿಂಗಕ್ಕೆ ಬೆಳ್ಳಿಯ ಕರಡಿಗೆ ಇರುತ್ತದೆ. ನರಸಮ್ಮನದು ಬಿಳಿಯ ಅರಿವೆಯಲ್ಲಿ ಸುತ್ತಿದ ಲಿಂಗ. ಅದನ್ನು ಶಿವದಾರದಿಂದ ಬಿಗಿದು ಕೊರಳಿಗೆ ಕಟ್ಟಿಕೊಳ್ಳಬೇಕು. ಇಲ್ಲೇ ನಾನು ಸಿಕ್ಕಿಬಿದ್ದೆ. ನನಗೆ ಆ ಗಂಟು ಬರುತ್ತಿರಲಿಲ್ಲ. ದಿನವೂ ನನ್ನ ಶಿವದಾರ ಕಟ್ಟುತ್ತಿದ್ದವಳು ಅಮ್ಮ. ಕಲಿಸು ಎಂದರೆ, ನಿನಗೆ ತಡವಾಗುತ್ತದೆ ಎಂದು ತಾನೇ ಕಟ್ಟಿಬಿಡುತ್ತಿದ್ದಳು. ಈಗ ನರಸಮ್ಮನ ಮುಂದೆ ಬಾರದು ಎಂದು ಹೇಳುವುದು ಹೇಗೆ? ಕೈಯಲ್ಲಿ ತೊಗರಿಕಟ್ಟಿಗೆ ಬೇರೆ ಇದೆ. ಜಡೆಗೆ ಹೂ ಕಟ್ಟಿಕೊಳ್ಳುವ ಗಂಟು ನೆನಪಾಯಿತು. ಎರಡು ಕಿವಿ ಅರಳಿದ ಹಾಗೆ ಚೆಂದ ಕಾಣುತ್ತದೆ, ಒಂದು ತುದಿ ಎಳೆದರೆ ಬಿಚ್ಚುತ್ತದೆ. ಅದನ್ನೇ ಕಟ್ಟಿ ತೋರಿಸಿದೆ. ಇದೇ ಏನು ಚಿನ್ನಮ್ಮಾ ಎಂದು ಅವಳು ಕೇಳಿದಳು. ಒಂದು ಗಳಿಗೆ ನನ್ನ ಮುಖ ನೋಡಿದಳು. ಇದೇ ಎಂದು ನಾನು ಕಟ್ಟಿಗೆ ಬಡಿದೆ. ಅವಳು ಹಾಗೆಯೇ ಕಟ್ಟಿಕೊಂಡಳು.

ಶ್ರಾವಣದಲ್ಲಿ ಮೇಲೆಲ್ಲೋ ಮಳೆಯಾಗಿ ಹಳ್ಳಕ್ಕೆ ಹೊಸ ನೀರು ಬಂತು. ಗಾಣದ ಎಣ್ಣೆ ಅರಿವೆಗಳನ್ನು ಒಗೆಯಲು ಮುಂಜಾನೆ ಹೋದ ನರಸಮ್ಮ ತಿರುಗಿ ಬರಲಿಲ್ಲ. ಬಿಸಿಲೇರಿದ ಮೇಲೆ ನೀರಿಗೆ ಹೋಗಿದ್ದ ಹೆಣ್ಣುಮಕ್ಕಳು ಸುದ್ದಿ ತಂದರು. ಬಗ್ಗಿ ಅರಿವೆ ಹಿಂಡುವಾಗ ಶಿವದಾರ ಬಿಚ್ಚಿ ಲಿಂಗ ನೀರಿಗೆ ಬಿದ್ದಿದೆ. ಅವಳು ಕಂದು ನೀರಿನಲ್ಲಿ ಮುಳುಗಿ ಮುಳುಗಿ ತಡಕಿದ್ದಾಳೆ. ಈಗ ದಂಡೆಯ ಉಸುಕಿನಲ್ಲಿ ಕೂತಿದ್ದಾಳೆ, ಎದ್ದೇಳು ಎಂದರೆ ಏಳುತ್ತಿಲ್ಲ.

ಹಳಬರ ಮನೆಗಳಲ್ಲಿ ಲಿಂಗ ಕಳೆದುಕೊಳ್ಳುವುದೆಂದರೆ ಏನೆಂದು ನಿಮಗೆ ಗೊತ್ತಿರಬಹುದು. ಲಿಂಗ ಹೋದರೆ ಜೀವವೂ ಹೋಗಬೇಕು ಎಂಬ ಕಟ್ಟುನಿಟ್ಟಿನ ಮಾತೊಂದಿತ್ತು. ಹಾಗೆ ಜೀವ ಬಿಟ್ಟವರನ್ನು ನಾನು ಕಂಡಿರಲಿಲ್ಲ, ಆದರೆ ಮಾತು ಮಾತ್ರ ಗಟ್ಟಿಯಾಗಿ ನಿಂತಿತ್ತು. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಸುದ್ದಿ ಕೇಳಿದಳು. ದನಿ ಏರಿಸದೆ, “ಲಿಂಗ ಹೋದ ಮ್ಯಾಲ ಜೀವ ಯಾಕ ಇಟಗೊಂಡು ಕುಂತಾಳ?” ಎಂದಳು.

ಅಮ್ಮ ಕೆಟ್ಟವಳಾಗಿರಲಿಲ್ಲ. ಎಂಟನೆಯ ವಯಸ್ಸಿನಿಂದ ಅರವತ್ತು ದಾಟುವವರೆಗೆ ಒಂದು ದಿನವೂ ಪೂಜೆ ತಪ್ಪಿಸಿದವಳಲ್ಲ. ಆರು ಮಕ್ಕಳನ್ನು ಹಡೆದಾಗಲೂ ಎದೆಯ ಮೇಲಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದೇ ಹಡೆದವಳು. ತಾನು ಹಾಗೆ ಕಾಪಾಡಿದ್ದನ್ನು ಇನ್ನೊಬ್ಬಳು ಹೊಳೆಪಾಲು ಮಾಡಿದಳು ಎಂದರೆ ಅವಳಿಗೆ ಸಹಿಸಲಾಗಲಿಲ್ಲ. ಆ ಮಾತು ಹೇಗೋ ಹಳ್ಳದ ದಂಡೆಯನ್ನೂ ಮುಟ್ಟಿತು.

ನಾನು ಓಡಿದೆ. ಬಿಚ್ಚಿದ್ದು ನನ್ನ ಹೂಗಂಟೇ ಎಂದು ನನಗೆ ಆಗಲೇ ತಿಳಿದಿತ್ತು. ದಂಡೆಯಲ್ಲಿ ಜನ ದೂರ ದೂರ ನಿಂತಿದ್ದರು. ನರಸಮ್ಮ ಒದ್ದೆ ಸೀರೆಯಲ್ಲಿ, ಎರಡೂ ಕೈಗಳಿಂದ ಬರಿದಾದ ಎದೆ ಮುಚ್ಚಿಕೊಂಡು ಕೂತಿದ್ದಳು. ಅಷ್ಟರಲ್ಲಿ ಕೋಲೂರಿಕೊಂಡು ತಾತ ಬಂದರು. ಅವರ ಪೂಜೆ ಮುಗಿದಿತ್ತು, ಊಟ ಆಗಿರಲಿಲ್ಲ. ಎಪ್ಪತ್ತು ದಾಟಿದ ಜೀವ. ಬಂದವರೇ ಅವಳ ಪಕ್ಕ ಉಸುಕಿನಲ್ಲಿ ಕೂತುಬಿಟ್ಟರು.

ಅವಳೇ ಮೊದಲು, “ನಿಮ್ಮ ದೇವರನ್ನ ಕಳದುಬಿಟ್ಟೆ ತಾತಾ,” ಎಂದಳು.

“ನಮ್ಮ ದೇವರಲ್ಲವ್ವ, ನಿನ್ನ ದೇವರು,” ಎಂದರು ತಾತ. “ನಡಿ, ಹುಡುಕೂಣು.”

ಎದ್ದು, ಕಾವಿಯನ್ನು ಮೊಣಕಾಲ ಮೇಲೆ ಕಟ್ಟಿ, ನೀರಿಗೆ ಇಳಿದೇಬಿಟ್ಟರು. ಆ ಪಾದಗಳನ್ನು ನಾವು ತೊಳೆದು ತೀರ್ಥವೆಂದು ಕುಡಿಯುತ್ತಿದ್ದೆವು. ಅವು ಕೆಸರಿನಲ್ಲಿ ಹೂಳುತ್ತ, ಏಳುತ್ತ ಹೋದವು. ತಾತ ನಡುನೀರಿನವರೆಗೆ ಹೋಗಿ, ಬಗ್ಗಿ, ತೋಳು ಮುಳುಗುವವರೆಗೆ ಕೈ ಬಿಟ್ಟು ತಡಕಾಡತೊಡಗಿದರು. ಜನ ಒಂದು ಗಳಿಗೆ ಕಲ್ಲಾಗಿ ನಿಂತರು. ಆ ಮೇಲೆ ಅಪ್ಪ ಇಳಿದ. ಇನ್ನೊಬ್ಬರು ಇಳಿದರು. ಮೊದಲು ಗೊಣಗಿದವರೂ ಇಳಿದರು. ಗುಂಪು ಕಂಡು ನಾಕಾದಿಂದ ಚಾಚಾ ಬಂದ. ಆ ದಿನಗಳಲ್ಲಿ ನಾಲ್ಕು ಜನ ಒಂದೆಡೆ ಸೇರಿದರೆ ಸರಕಾರದವರು ಬಂದು ಕೇಳುತ್ತಿದ್ದರು. ಏನು ಕಳೆದಿದೆ ಎಂದು ಕೇಳಿದವನಿಗೆ ಯಾರೋ, ಆ ಹೆಣ್ಣುಮಗಳ ದೇವರು ಎಂದರು. ಚಾಚಾ ಮುಂದೆ ಏನನ್ನೂ ಕೇಳಲಿಲ್ಲ. ಬೂಟು ಬಿಚ್ಚಿ, ಪಟ್ಟಿ ಬಿಚ್ಚಿ, ದಂಡೆಯಲ್ಲಿ ಜೋಡಿಸಿಟ್ಟು, ತಾತನ ಪಕ್ಕದಲ್ಲಿ ನೀರಿಗೆ ಇಳಿದ.

ಹೊತ್ತು ಮುಳುಗುವವರೆಗೆ ಹುಡುಕಿದರೂ ಸಿಗಲಿಲ್ಲ. ಅಪ್ಪ ತಾತನಿಗೆ ಊಟಕ್ಕೆ ಏಳಿರೆಂದು ಕೈಮುಗಿದ. ಲಿಂಗಕ್ಕೆ ತೋರಿಸದೆ ಉಣ್ಣುವಂತಿಲ್ಲ ಎಂಬುದು ನಮ್ಮ ನೇಮ. ತಾತ ಅವಳ ಕಡೆ ತೋರಿಸಿದರು.

“ಲಿಂಗಿಲ್ಲದ ಆಕಿಗೆ ಊಟಿಲ್ಲ. ಆಕಿ ಇಲ್ಲದ ನನಗ ಊಟಿಲ್ಲ.”

ಅವಳನ್ನು ಮಠಕ್ಕೆ ಕರೆದುಕೊಂಡು ಹೋಗಿ, ಮುದುಕಿಯೊಬ್ಬಳನ್ನು ಜತೆಗೆ ಮಲಗಿಸಿದರು. ಮರುದಿನ ಬೆಳಗಾದಾಗ ಮತ್ತೆ ಹಳ್ಳದಲ್ಲಿದ್ದರು. ಗುರು ಉಪವಾಸವಿರುವಾಗ ಉಣ್ಣುವುದು ಹೇಗೆಂದು ನಮ್ಮ ಓಣಿಯಲ್ಲಿ ಒಲೆಗಳು ಹತ್ತಲಿಲ್ಲ. ಅಮ್ಮನೂ ಹಚ್ಚಲಿಲ್ಲ. ಗಾಣ ನಿಂತಿತು, ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದ ಆ ಕಿರುಗುಟ್ಟುವಿಕೆ ಇಲ್ಲದೆ ಮನೆ ಬೇರೆ ಯಾರದೋ ಅನ್ನಿಸಿತು. ನಾನು ಕದ್ದು ಒಂದು ಹಿಡಿ ಶೇಂಗಾ ತಿಂದೆ. ಅದು ಗಂಟಲಲ್ಲೇ ನಿಂತು, ನಾನೂ ಸಾಯುತ್ತೇನೆ ಎಂದು ಗಟ್ಟಿಯಾಯಿತು.

ಮಧ್ಯಾಹ್ನ ತಾತ ಹೊಂಗೆ ಗಿಡದ ನೆರಳಿನಲ್ಲಿ ಒಬ್ಬರೇ ಕೂತಿದ್ದರು. ತುಟಿ ಒಣಗಿ ಬೆಳ್ಳಗಾಗಿತ್ತು. ಅವರ ಮುಂದೆ ಹೋಗಿ ನಿಂತೆ. ಎಲ್ಲಿಂದ ಸುರುಮಾಡಬೇಕೋ ತಿಳಿಯದೆ ಶೇಂಗಾದಿಂದ ಸುರುಮಾಡಿದೆ. ಶೇಂಗಾ ತಿಂದದ್ದು, ಅಮ್ಮ ನನಗೆ ಗಂಟು ಕಲಿಸದೇ ಇದ್ದದ್ದು, ನಾನು ಬರುತ್ತದೆಂದು ಸುಳ್ಳು ಹೇಳಿದ್ದು, ತೊಗರಿಕಟ್ಟಿಗೆ, ಹೂಗಂಟು, ಎಲ್ಲ ಹೇಳಿ ಅತ್ತೆ. ತಾತ ತಮ್ಮ ಹೆಗಲ ಮೇಲಿನ ವಸ್ತ್ರದ ತುದಿಯನ್ನು ನನ್ನ ಕೈಗೆ ಕೊಟ್ಟು, ಆ ಗಂಟು ಕಟ್ಟಿ ತೋರಿಸೆಂದರು. ಕಟ್ಟಿದೆ. ತಿರುಗಿಸಿ ತಿರುಗಿಸಿ ನೋಡಿದರು.

“ಚೆಂದ ಐತಿ,” ಎಂದರು. “ನೀರಿಗೆ ಚೆಂದ ಗೊತ್ತಾಗಂಗಿಲ್ಲ, ಅಷ್ಟ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈ ಹಿಡಿದುಕೊಂಡು ಏಳಲು ನೋಡಿದರು. ಮೊದಲ ಸಲ ಏಳಲಾಗಲಿಲ್ಲ, ಎರಡನೆಯ ಸಲ ಎದ್ದರು. “ಇದನ್ನ ನರಸಮ್ಮಗ ನೀನ ಹೇಳಬೇಕು,” ಎಂದರು. “ನಾ ಬಾಜೂಕ ಕುಂದರತೀನಿ.”

ನರಸಮ್ಮ ನೀರಂಚಿನಲ್ಲಿ ಉಸುಕನ್ನು ಬೊಗಸೆಯಲ್ಲಿ ತೆಗೆತೆಗೆದು ಸೋಸುತ್ತಿದ್ದಳು. ನಾನು ಅವಳ ಮುಂದೆ ಕೂತು, ನನ್ನ ಗಂಟು ತಪ್ಪು ಗಂಟಾಗಿತ್ತು ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

“ಗೊತ್ತಿತ್ತು ಚಿನ್ನಮ್ಮಾ,” ಎಂದಳು.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು.

“ಎಷ್ಟೋ ವರ್ಷ ಹಗ್ಗ ಕಟ್ಟೀನಿ. ಅದು ಎಳದ್ರ ಬಿಚ್ಚೂ ಗಂಟು ಅಂತ ಮೊದಲ ದಿನಾನ ಗೊತ್ತಾತು.”

“ಮತ್ಯಾಕ ಹಂಗ ಕಟಗೊಂಡೆವ್ವ?” ತಾತನ ದನಿ ಬಹಳ ಸಣ್ಣಗಾಗಿತ್ತು.

ಅವಳು ಆಗ ಬೊಗಸೆಯ ಉಸುಕನ್ನು ಕೆಳಗೆ ಬಿಟ್ಟಳು. “ನನ್ನದು ಕಲ್ಲಿನ ಬುಟ್ಟಿ ಗಂಟು. ದೇವರ ಗಂಟು ಬ್ಯಾರೆ ಇರತದ ಅಂದಕೊಂಡೆ. ನನಗ ಗೊತ್ತಿದ್ದದ್ದು ಎಲ್ಲಾ ಹಿಂದ ಬಿಟ್ಟು ಬಂದೀನಿ ತಾತಾ. ಇಲ್ಲಿ ನೀವು ಹೆಂಗ ಹೇಳಿದ್ರ ಹಂಗ.”

ಆಗ ತಾತ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಎರಡೂ ಕೈ ಜೋಡಿಸಿ, ಬಿಳಿಯ ತಲೆಯನ್ನು ನರಸಮ್ಮನ ಮುಂದೆ ಬಾಗಿಸಿದರು. ಅವಳು ಹೆದರಿ ಹಿಂದಕ್ಕೆ ಸರಿದಳು. ಹಳ್ಳ, ಗುಡ್ಡ, ಮೇಲಿನ ಬಿಸಿಲು ಎಲ್ಲವೂ ನಿಂತುಬಿಟ್ಟಿವೆ ಎಂದು ನನಗೆ ಅನ್ನಿಸಿದ್ದು ನಿಜ.

“ಸಾಕು,” ಎಂದು ತಾತ ಎದ್ದರು. “ನಾ ಹುಡುಕಾಕ ಬಂದದ್ದು ಸಿಕ್ತು. ಎಲ್ಲಾರನ್ನೂ ಮ್ಯಾಲ ಕರೀರಿ.”

ಮೂರನೆಯ ದಿನ ಬೆಳಿಗ್ಗೆ ಮಠದಲ್ಲಿ ಊರು ಸೇರಿತು. ನರಸಮ್ಮನಿಗೆ ಇನ್ನೊಂದು ಲಿಂಗ ಕೊಡುತ್ತೇನೆಂದು ತಾತ ಹೇಳಿದರು. ಹಿರಿಯರೊಬ್ಬರು ಎದ್ದು ನಿಂತು, ಕೈಮುಗಿದೇ ಕೇಳಿದರು. ಕಳೆದುಕೊಂಡವರಿಗೆ ಮತ್ತೆ ಲಿಂಗ ಕೊಡುವುದು ಯಾವ ಪದ್ಧತಿ, ಶಾಸ್ತ್ರದ ಮಾತು ಬೇರೆ ಇದೆಯಲ್ಲ ಎಂದರು. ಅಮ್ಮ ಹೆಂಗಸರ ಸಾಲಿನ ಮುಂದೆ ಕೂತಿದ್ದಳು. ಅವಳ ಮನಸ್ಸಿನ ಪ್ರಶ್ನೆಯೂ ಅದೇ ಆಗಿತ್ತು.

ತಾತ ಕಂಬಕ್ಕೆ ಒರಗಿ ಕೂತಿದ್ದರು. ಮಾತಿಗೆ ಶಕ್ತಿ ಇರಲಿಲ್ಲ. ಜನ ಮುಂದೆ ಬಾಗಿ ಕೇಳಬೇಕಾಯಿತು.

“ಆ ಮಾತು ಕಳಕೊಂಡೋರಿಗೆ. ಇಕಿ ಕಳಕೊಂಡಿಲ್ಲಪ್ಪ. ನಾವು ಕಲಿಸಿದ ಗಂಟಿನಾಗ ಹೋಗ್ಯಾದ. ಸಾಯೂದ ಇದ್ರ ಕಲಿಸಿದೋರು ಸಾಯಬೇಕು. ಹಂಗಾರ ಮೊದಲು ನಾನು.”

ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ‘ನಾವು’ ಎಂಬ ಒಂದು ಮಾತಿನೊಳಗೆ ನನ್ನನ್ನು ಬಚ್ಚಿಟ್ಟು, ಮೇಲೆ ತಾವು ಹೊದಿಕೆಯಾದರು. ನನಗೆ ಅದು ತಿಳಿಯಿತು. ನರಸಮ್ಮನ ಹಾಗೆ ನಾನೂ ಹೊಸಬಳೇ, ಒಂದು ವರ್ಷದ ಸಸಿ. ತಾತ ನನ್ನನ್ನೂ ಅಲುಗಿಸದೆ ನೋಡಿಕೊಂಡರು.

ಆದರೆ ಅಮ್ಮನ ಕಣ್ಣು ತಪ್ಪಿಸಲಾಗಲಿಲ್ಲ. ಅವಳು ನನ್ನನ್ನು ಹತ್ತಿರ ಕರೆದು, ಎಂಥ ಗಂಟು ಕಲಿಸಿದ್ದೆ ಎಂದು ಕೇಳಿದಳು. ನಾನು ಅವಳ ಸೆರಗಿನ ಅಂಚಿನಲ್ಲಿ ಕಟ್ಟಿ ತೋರಿಸಿದೆ. ಅವಳು ಅದನ್ನು ನೋಡಿದಳು. ನನ್ನ ಕೊರಳ ಹಿಂದೆ ಕೈ ಹಾಕಿ, ಅಂದು ಬೆಳಿಗ್ಗೆ ತಾನೇ ಕಟ್ಟಿದ್ದ ಗಂಟನ್ನು ಮುಟ್ಟಿದಳು. ಅವಳ ಬೆರಳು ಅಲ್ಲೇ ನಿಂತುಬಿಟ್ಟಿತು. ನಿನಗೆ ತಡವಾಗುತ್ತದೆ ಎಂದು ದಿನವೂ ತಾನೇ ಕಟ್ಟಿಬಿಡುತ್ತಿದ್ದದ್ದು ಅವಳಿಗೂ ನೆನಪಾಗಿರಬೇಕು. ತಲೆ ತಗ್ಗಿಸಿ ಕೂತಳು.

ದೀಕ್ಷೆ ಮತ್ತೆ ನಡೆಯಿತು. ಅದೇ ಕಾಯಿಗಟ್ಟಿದ ಅಂಗೈ, ಅದೇ ಹೆದರಿಕೆ. ಕೊನೆಗೆ ಅರಿವೆ ಸುತ್ತಿ ಶಿವದಾರ ಕಟ್ಟುವ ಹೊತ್ತಿಗೆ ನರಸಮ್ಮ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅಷ್ಟೆಲ್ಲ ಆದ ಮೇಲೂ ನಾನು ಹೇಳಿದರೆ ಅವಳು ಹೂಗಂಟನ್ನೇ ಕಟ್ಟಿಕೊಳ್ಳಲು ಸಿದ್ಧಳಿದ್ದಳು. ನಾನು ತಾತನ ಕಡೆ ನೋಡಿದೆ.

“ನಿನ್ನ ಹಟ್ಟಿ ಗಂಟು ಕಟ್ಟವ್ವ,” ಎಂದರು ತಾತ. “ನಿನಗ ಗೊತ್ತಿದ್ದದ್ದನ್ನ ಹಿಂದ ಬಿಟ್ಟು ಬರಬ್ಯಾಡ. ಅದನ್ನೂ ಕರಕೊಂಡು ಬಾ.”

ಅವಳ ಬೆರಳುಗಳು ಎರಡೇ ತಿರುವಿನಲ್ಲಿ ಗಂಟು ಹಾಕಿದವು. ಎಷ್ಟು ಬೇಗ, ಎಷ್ಟು ನಿಶ್ಚಿಂತೆಯಿಂದ! ಅಷ್ಟು ದಿನ ಎಲ್ಲದರಲ್ಲೂ ತಡವರಿಸುತ್ತಿದ್ದವಳು ಅದೊಂದರಲ್ಲಿ ರಾಣಿಯ ಹಾಗೆ ಕಂಡಳು. ಮುಂದಿನ ವಾರಗಳಲ್ಲಿ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಅವಳ ಹತ್ತಿರ ಹೋಗಿ ಆ ಗಂಟು ಕಲಿತರು. ನಾನೂ ಕಲಿತೆ. ಕೈಯಲ್ಲಿ ಕಟ್ಟಿಗೆ ಹಿಡಿಯದೆ ಕಲಿಸಿದಳು.

ಕಳೆದ ಲಿಂಗ ಸಿಗಲೇ ಇಲ್ಲ. ಚಾಚಾ ನೀರಿಳಿದ ಮೇಲೂ ಬಹಳ ದಿನ ಬೆಳಿಗ್ಗೆ ಹಳ್ಳದ ಉಸುಕಿನಲ್ಲಿ ಕೋಲಿನಿಂದ ಕೆದಕುತ್ತ ಅಡ್ಡಾಡುತ್ತಿದ್ದ.

ಆ ಎರಡನೆಯ ದೀಕ್ಷೆಯ ದಿನ ಮಧ್ಯಾಹ್ನ ಮಠದಲ್ಲಿ ಪಂಕ್ತಿ ಕೂತಿತು. ಮೂರು ದಿನ ಉಪವಾಸವಿದ್ದವರಿಗೆಂದು ಜೋಳದ ನುಚ್ಚಿನ ಗಟ್ಟಿ ಗಂಜಿ ಮಾಡಿದ್ದರು. ತಾತನೇ ಎದ್ದು, ಗೋಡೆ ಹಿಡಿದುಕೊಂಡು ಬಂದು, ನರಸಮ್ಮನಿಗೆ ಮೊದಲು ಬಡಿಸಿದರು. ಅರ್ಧ ಚೆಲ್ಲಿತು. ಅವಳು ಪೂಜೆ ಮುಗಿಸಿ, ಗಂಜಿಯನ್ನು ಲಿಂಗಕ್ಕೆ ತೋರಿಸಿ, ಮೊದಲ ತುತ್ತು ಬಾಯಿಗಿಟ್ಟಳು. ಅದು ಗಂಟಲಲ್ಲಿ ಇಳಿಯುವವರೆಗೆ ತಾತ ನಿಂತೇ ಇದ್ದರು. ಇಳಿದ ಮೇಲೆ ತಮ್ಮ ಜಾಗಕ್ಕೆ ಹೋಗಿ 'ಉಸ್' ಎಂದು ಕೂತರು.

ಆಗ ಹೆಂಗಸರ ಸಾಲಿನಿಂದ ಅಮ್ಮ ಎದ್ದಳು. ಅವಳಿನ್ನೂ ಒಂದು ಅಗುಳು ಮುಟ್ಟಿರಲಿಲ್ಲ. ಬಡಿಸುವವರನ್ನು ದಾಟಿ, ಗಂಡಸರೆಲ್ಲ ನೋಡುತ್ತಿರುವಂತೆ, ನರಸಮ್ಮನ ಎಲೆಯ ಮುಂದೆ ಹೋಗಿ ಕೂತಳು. ನಮ್ಮಲ್ಲಿ ಪ್ರಸಾದವನ್ನು ಗುರುಹಿರಿಯರ ಕೈಯಿಂದ ಬೇಡಿ ಪಡೆಯುತ್ತಾರೆ. ಅಮ್ಮ ತಾತನೊಬ್ಬರನ್ನು ಬಿಟ್ಟು ಯಾರ ಮುಂದೂ ಹಾಗೆ ಬೇಡಿದವಳಲ್ಲ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು, ಎರಡೂ ಅಂಗೈ ಕೂಡಿಸಿ ಮುಂದೆ ಚಾಚಿದಳು.

“ನಾ ಅಂದ ಮಾತು ನಿನ್ನ ಮುಟ್ಟೈತಿ ಅಂತ ಗೊತ್ತೈತಿ,” ಎಂದಳು. “ಒಂದು ತುತ್ತು ಹಾಕವ್ವ.”

ನರಸಮ್ಮನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಇದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ, ತಾತನ ಕಡೆಯೂ ನೋಡಲಿಲ್ಲ. ಸ್ವಲ್ಪ ಹೊತ್ತು ಅಮ್ಮನ ಮುದಿ ಅಂಗೈಗಳನ್ನೇ ನೋಡಿದಳು. ಆ ಮೇಲೆ ತನ್ನ ಎಲೆಯಿಂದ ಒಂದು ತುತ್ತು ಗಂಜಿ ತೆಗೆದು, ಚೆಲ್ಲದ ಹಾಗೆ ಇನ್ನೊಂದು ಕೈ ಕೆಳಗೆ ಹಿಡಿದು, ಅಮ್ಮನ ಬೊಗಸೆಯಲ್ಲಿ ಇಟ್ಟಳು.